ಮುರುಗಲ ಸಿಪ್ಪೆಯ ಹಳದಿ ಹರಳು

ಏಪ್ರಿಲ್ ಮುಗಿಯುತ್ತಾ ಬಂತೆಂದರೆ ಶಿರಸಿ, ಸಿದ್ದಾಪುರ, ಸಾಗರದ ಕಡೆಯ ಅಂಗಳಗಳಲ್ಲಿ ಮುರುಗಲ ಸಿಪ್ಪೆ ಒಣಗಲು ಬೀಳುತ್ತದೆ. ಮಳೆ ಹಿಡಿಯುವುದರೊಳಗೆ ಕೆಲಸ ಮುಗಿಯಬೇಕು. ಹಣ್ಣು ಒಡೆದು, ಬೀಜ ಬೇರೆ ಮಾಡಿ, ಸಿಪ್ಪೆಯನ್ನು ಹರವುತ್ತಾರೆ. ಬೀಜದಿಂದ ಮುರುಗಲ ತುಪ್ಪ ತೆಗೆಯುತ್ತಾರೆ, ಅದು ಒಡೆದ ಹಿಮ್ಮಡಿಗೆ ಮದ್ದು. ಸಿಪ್ಪೆ ಸಾರಿಗೂ ಆಯಿತು, ಶರಬತ್ತಿಗೂ ಆಯಿತು. ದಕ್ಷಿಣ ಕನ್ನಡದವರು ಇದನ್ನೇ ಪುನರ್ಪುಳಿ ಅನ್ನುತ್ತಾರೆ. ಮರಾಠಿಯವರಿಗೆ ಇದು ಕೋಕಂ. ಸಸ್ಯಶಾಸ್ತ್ರದವರ ಲೆಕ್ಕದಲ್ಲಿ ಗಾರ್ಸೀನಿಯಾ ಇಂಡಿಕಾ.

ಮನೆಯಲ್ಲಿ ದೊಡ್ಡಮ್ಮ ಒಮ್ಮೆ ಕೇಳಿದರು. “ತಮ್ಮಾ, ಮುರುಗಲು ಕುಡಿದರೆ ಮಂಡಿನೋವು ಕಡಿಮೆ ಆಗ್ತದಂತೆ, ಹೌದಾ? ಅದರಲ್ಲಿ ಬಾವು ಇಳಿಸೋ ಅಂಶ ಸಿಕ್ಕಿದೆಯಂತೆ.”

ಸಿಕ್ಕಿರುವುದು ನಿಜ. ಅದರ ಹೆಸರು ಗಾರ್ಸಿನಾಲ್. ಆದರೆ ‘ಸಿಕ್ಕಿದೆ’ ಎಂಬ ಆ ಒಂದು ಮಾತಿನೊಳಗೆ ಸುಮಾರು 30 ವರ್ಷದ ಕೆಲಸ ಇದೆ. ಮೈಸೂರು, ಜಪಾನ್, ತೈವಾನ್, ಬೆಂಗಳೂರು, ಜರ್ಮನಿ, ಹೀಗೆ ಊರೂರು ಸುತ್ತಿದ ಕೆಲಸ ಅದು. ಪ್ರತಿಯೊಬ್ಬರೂ ಬೇರೆ ಬೇರೆ ಪ್ರಶ್ನೆ ಕೇಳಿದರು. ಪ್ರತಿಯೊಬ್ಬರಿಗೂ ತಾವು ಕೇಳಿದ್ದಕ್ಕೆ ಮಾತ್ರ ಉತ್ತರ ಸಿಕ್ಕಿತು. ದೊಡ್ಡಮ್ಮನ ಪ್ರಶ್ನೆ ಆ ಸಾಲಿನಲ್ಲಿ ಎಲ್ಲಿದೆ ಎಂದು ನೋಡಲು ನಾನು ಇಡೀ ಪ್ರಕರಣವನ್ನು ಮೊದಲಿನಿಂದ ಓದಿದೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಸಿಪ್ಪೆಯಲ್ಲಿ ಏನೇನಿದೆ

ಮುರುಗಲು ಬಿಡಿಸಿದವರಿಗೆ ಮೊದಲು ಕಾಣುವುದು ಕೆಂಪು. ಬೆರಳು, ಉಗುರು, ಬಟ್ಟೆ ಎಲ್ಲ ಕೆಂಪಾಗುತ್ತದೆ. ಆ ಬಣ್ಣ ಆಂಥೋಸಯನಿನ್ ಗುಂಪಿನದು. ನೇರಳೆ ಹಣ್ಣಿನ ಬಣ್ಣವೂ ಅದೇ ಗುಂಪಿನದು. ಎರಡನೆಯದು ಹುಳಿ. ಈ ಹುಳಿಯ ಮುಖ್ಯ ಭಾಗ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಮೂರನೆಯದು ಕಣ್ಣಿಗೆ ಅಷ್ಟಾಗಿ ಬೀಳದ ಹಳದಿ. ಗಾರ್ಸೀನಿಯಾ ಜಾತಿಯ ಮರಗಳಿಗೆ ಗಾಯ ಮಾಡಿದರೆ ಹಳದಿ ಸೋನೆ ಬರುತ್ತದೆ. ಕಾಯಿಯ ಸಿಪ್ಪೆಯಲ್ಲೂ ಆ ಅಂಟು ಇರುತ್ತದೆ. ಹಣ್ಣಾದ ಮೇಲೆ ಕೆಂಪು ಅದನ್ನು ಮುಚ್ಚಿಬಿಡುತ್ತದೆ.

ಕೆಂಪೂ ಹುಳಿಯೂ ನೀರಿಗೆ ಇಳಿಯುತ್ತವೆ. ಒಂದು ಹಿಡಿ ಸಿಪ್ಪೆ ನೆನೆಹಾಕಿದರೆ ಸ್ವಲ್ಪ ಹೊತ್ತಿಗೆ ನೀರು ಕೆಂಪಗಾಗುವುದು ಅದಕ್ಕೇ. ಹಳದಿ ಮಾತ್ರ ಜಿಡ್ಡಿನ ಜಾತಿಯದು. ಅದು ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಎಣ್ಣೆ, ಸ್ಪಿರಿಟ್, ಹೆಕ್ಸೇನ್‌ನಂಥ ದ್ರಾವಕಕ್ಕೆ ಬರುತ್ತದೆ. ಈ ಒಂದು ಗುಣವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೈಸೂರಿನ ಪ್ರಶ್ನೆ: ಇದು ಏನು?

ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಶುರುವಾಯಿತು. ಜನ ಅದನ್ನು ಸಿಎಫ್‌ಟಿಆರ್‌ಐ ಅಂತಲೇ ಕರೆಯುತ್ತಾರೆ. ಅಲ್ಲಿನ ರಸಾಯನ ವಿಜ್ಞಾನಿಗಳಿಗೆ ನಮ್ಮ ಕಾಡಿನ ಹುಳಿಗಳ ಮೇಲೆ ಮೊದಲಿನಿಂದ ಕಣ್ಣಿತ್ತು. 1965ರಲ್ಲಿ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಉಪ್ಪಾಗೆಯ ಹುಳಿ ಯಾವುದು ಎಂದು ತೋರಿಸಿದರು. ಅಲ್ಲಿಯವರೆಗೆ ಅದನ್ನು ಟಾರ್ಟಾರಿಕ್, ಸಿಟ್ರಿಕ್ ಆಮ್ಲ ಎಂದುಕೊಂಡಿದ್ದರು. ನಿಜವಾಗಿ ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಉಪ್ಪಾಗೆ ಮುರುಗಲಿನ ಹತ್ತಿರದ ಸಂಬಂಧಿ, ಅದೇ ಕಾಡಿನ ಮರ.

ಅದೇ ಲೂಯಿಸ್, ಎನ್. ಕೃಷ್ಣಮೂರ್ತಿ ಮತ್ತು ಬಿ. ರವೀಂದ್ರನಾಥ್ ಜೊತೆ ಸೇರಿ 1981ರಲ್ಲಿ ಮುರುಗಲ ಸಿಪ್ಪೆಯ ಹಳದಿ ವಸ್ತುವಿನ ರಚನೆಯನ್ನು ಪ್ರಕಟಿಸಿದರು. ಅದಕ್ಕೆ ಗಾರ್ಸಿನಾಲ್ ಎಂದು ಹೆಸರಿಟ್ಟರು. ಜೊತೆಗಿದ್ದ ಅದರ ತಮ್ಮನಂಥ ಇನ್ನೊಂದು ವಸ್ತು ಐಸೋಗಾರ್ಸಿನಾಲ್. ಹಿಂದಿನ ವರ್ಷ, 1980ರಲ್ಲಿ, ಎ.ವಿ. ರಾಮರಾವ್ ಅವರ ತಂಡ ಉಪ್ಪಾಗೆಯ ಜಾತಿಯಿಂದ ಕ್ಯಾಂಬೋಜಿನಾಲ್ ಎಂಬ ವಸ್ತುವನ್ನು ವರದಿ ಮಾಡಿತ್ತು. ಎರಡೂ ಒಂದೇ ಅಣು ಎಂದು ತಿಳಿಯಿತು. ಒಂದೇ ಕಾಡಿನ ಎರಡು ಮರಗಳಲ್ಲಿ ಒಂದೇ ಅಣು, ಎರಡು ಹೆಸರು.

ಕೆಲಸದ ಕ್ರಮ ಕೇಳಲು ಸರಳ. ಒಣ ಸಿಪ್ಪೆಯನ್ನು ದ್ರಾವಕದಲ್ಲಿ ನೆನೆಸಿ ಜಿಡ್ಡಿನ ಅಂಶ ಎಳೆಯಬೇಕು. ದ್ರಾವಕ ಆರಿಸಿದರೆ ಅಂಟು ಉಳಿಯುತ್ತದೆ. ಅದನ್ನು ಮತ್ತೆ ಮತ್ತೆ ಶುದ್ಧ ಮಾಡಿದರೆ ಹಳದಿ ಹರಳು ಕೂರುತ್ತದೆ. ಆಮೇಲೆ ಆ ಹರಳಿನ ಒಳಗಿನ ಕಟ್ಟು ಹೇಗಿದೆ ಎಂದು ಬಗೆಹರಿಸುವುದು. ಕಷ್ಟ ಇರುವುದು ಅಲ್ಲಿ. ಗಾರ್ಸಿನಾಲ್‌ನಲ್ಲಿ 38 ಇಂಗಾಲ, 50 ಜಲಜನಕ, 6 ಆಮ್ಲಜನಕದ ಪರಮಾಣುಗಳಿವೆ. ಅಣುತೂಕ ಸುಮಾರು 602. ನಡುವೆ ಉಂಗುರಗಳು, ಸುತ್ತ ಜಿಡ್ಡಿನ ಬಾಲಗಳು. ಒಂದು ಬದಿಯಲ್ಲಿ ಕ್ಯಾಟೆಕಾಲ್ ಎಂಬ ತುಂಡು, ಅಂದರೆ ಅಕ್ಕಪಕ್ಕದಲ್ಲಿ ಎರಡು ಹೈಡ್ರಾಕ್ಸಿಲ್ ಕೈಗಳಿರುವ ಉಂಗುರ. ಈ ಕ್ಯಾಟೆಕಾಲನ್ನೂ ನೆನಪಿಟ್ಟುಕೊಳ್ಳಿ. ಗಾರ್ಸಿನಾಲ್‌ನ ಒಳ್ಳೆಯ ಹೆಸರಿಗೂ ಅದೇ ಕಾರಣ, ಅದರ ಮೇಲಿನ ಅನುಮಾನಕ್ಕೂ ಅದೇ ಕಾರಣ.

ಮೈಸೂರಿನವರು ಉರಿಯೂತದ ವಿಷಯವನ್ನೇ ಕೇಳಿರಲಿಲ್ಲ. ಅವರ ಪ್ರಶ್ನೆ ‘ಇದು ಏನು’ ಎಂಬುದು. ಉತ್ತರವೂ ಅಷ್ಟೇ. ಆದರೆ ಆ ಉತ್ತರ ಇಲ್ಲದಿದ್ದರೆ ಮುಂದಿನ ಯಾರಿಗೂ ಏನೂ ಮಾಡಲು ಆಗುತ್ತಿರಲಿಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಗಾರ್ಸಿನಾಲ್ ಬಗ್ಗೆ ಈಗ ಬರುವ ಬರಹಗಳಲ್ಲಿ ಮೈಸೂರಿನ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಹರಳು ಕೈಗೆ ಸಿಕ್ಕಿದ್ದು, ಅದರ ನಕ್ಷೆ ಗೊತ್ತಾಗಿದ್ದು ಅವರಿಂದ.

ಎರಡು ದಶಕದ ಮೌನ, ಆಮೇಲೆ ಜಪಾನ್

ನಂತರದ ಸುಮಾರು 20 ವರ್ಷ ಗಾರ್ಸಿನಾಲ್‌ಗೆ ಹೆಚ್ಚು ಕದಲಿಕೆ ಇರಲಿಲ್ಲ. 2000ದಲ್ಲಿ ಜಪಾನಿನ ಯಮಗುಚಿ ಮತ್ತು ಸಂಗಡಿಗರು ಮತ್ತೆ ಎತ್ತಿಕೊಂಡರು. ಅವರ ಪ್ರಶ್ನೆ, ಇದು ಆಕ್ಸಿಡೀಕರಣ ತಡೆಯುತ್ತದೆಯೇ? ದೇಹದಲ್ಲಿ ಹುಟ್ಟುವ ಫ್ರೀ ರ‍್ಯಾಡಿಕಲ್‌ಗಳನ್ನು ಗಾರ್ಸಿನಾಲ್ ಚೆನ್ನಾಗಿ ಹಿಡಿದು ಹಾಕುತ್ತದೆ ಎಂದು ಪ್ರಯೋಗನಳಿಕೆಯಲ್ಲಿ ಕಂಡಿತು. ಹಿಡಿಯುವ ಕೈ ಬಹುಪಾಲು ಆ ಕ್ಯಾಟೆಕಾಲ್.

ಅದೇ ವರ್ಷದ ಅವರ ಇನ್ನೊಂದು ಪ್ರಯೋಗ ನನಗೆ ಬಹಳ ಹಿಡಿಸಿತು. ಇಲಿಗಳಿಗೆ ಬಾಯಿಯ ಮೂಲಕ ಗಾರ್ಸಿನಾಲ್ ಕೊಟ್ಟರು. ಕೆಲವಕ್ಕೆ ಇಂಡೋಮೆಥಾಸಿನ್ ಕೊಟ್ಟು ಹೊಟ್ಟೆಯಲ್ಲಿ ಹುಣ್ಣು ಬರುವಂತೆ ಮಾಡಿದರು, ಇನ್ನು ಕೆಲವನ್ನು ನೀರಿನಲ್ಲಿ ಇಟ್ಟು ಒತ್ತಡದಿಂದ ಹುಣ್ಣು ಬರಿಸಿದರು. ಗಾರ್ಸಿನಾಲ್ ತಿಂದ ಇಲಿಗಳಲ್ಲಿ ಹುಣ್ಣು ತಡೆದಿತ್ತು. ಇಂಡೋಮೆಥಾಸಿನ್ ಎಂದರೆ ಬಾವು ನೋವು ಇಳಿಸುವ ಮಾತ್ರೆ. ಸಂಧಿನೋವಿಗೆ ಇಂಥ ಮಾತ್ರೆ ನುಂಗಿದವರಿಗೆ ಹೊಟ್ಟೆ ಉರಿಯುವುದು ಗೊತ್ತೇ ಇದೆ ಅಲ್ವಾ. ನಮ್ಮ ಕಡೆ ಹೊಟ್ಟೆಯುರಿಗೆ, ಪಿತ್ತಕ್ಕೆ ಮುರುಗಲ ನೀರು ಕೊಡುವುದು ಹಳೆಯ ರೂಢಿ. ಇಲಿಯ ಪ್ರಯೋಗ ಆ ರೂಢಿಯನ್ನು ಸಾಬೀತು ಮಾಡಿತು ಎಂದು ನಾನು ಹೇಳುವುದಿಲ್ಲ. ಕೊಟ್ಟದ್ದು ಶುದ್ಧ ಗಾರ್ಸಿನಾಲ್, ಮುರುಗಲ ನೀರಲ್ಲ. ಆದರೂ ಎರಡೂ ಒಂದೇ ಹೊಟ್ಟೆಯ ಕಡೆ ಬೆರಳು ಮಾಡುವುದು ನೋಡಿ ಖುಷಿಯಾಯಿತು.

ಕಾಲಿಗೆ ಮುಳ್ಳು ಚುಚ್ಚಿದಾಗ

ಮುಂದಿನ ಪ್ರಶ್ನೆ ಅರ್ಥವಾಗಲು ಉರಿಯೂತ ಎಂದರೆ ಏನು ಎಂದು ಸ್ವಲ್ಪ ನೋಡಬೇಕು. ಕಾಲಿಗೆ ಮುಳ್ಳು ಚುಚ್ಚಿತು ಅನ್ನಿ. ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಬಾತುಕೊಳ್ಳುತ್ತದೆ, ನೋಯುತ್ತದೆ. ಇದು ರೋಗವಲ್ಲ, ಕಾವಲು. ಒಳಗೆ ಹೊಕ್ಕ ಕ್ರಿಮಿಯನ್ನು ತಿನ್ನಲು ಭಕ್ಷಕ ಕೋಶಗಳು ಓಡಿ ಬರುತ್ತವೆ. ಕ್ರಿಮಿ ಸತ್ತ ಮೇಲೆ ಬೆಂಕಿ ಆರಬೇಕು. ಆರದೇ ವರ್ಷಗಟ್ಟಲೆ ಕೆಂಡವಾಗಿ ಉಳಿದರೆ ಸಂಧಿವಾತದಂಥ ಕಾಯಿಲೆಗಳು.

ಭಕ್ಷಕ ಕೋಶದ ಒಳಗೆ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನ್ ಇದೆ. ಮಾಮೂಲಿ ದಿನಗಳಲ್ಲಿ ಅದನ್ನು ಇನ್ನೊಂದು ಪ್ರೋಟೀನ್ ಕಟ್ಟಿಹಾಕಿರುತ್ತದೆ, ಕೊಟ್ಟಿಗೆಯ ಗೂಟಕ್ಕೆ ಕಟ್ಟಿದ ಹೋರಿಯ ಹಾಗೆ. ಕ್ರಿಮಿಯ ಸುಳಿವು ಸಿಕ್ಕಿದೊಡನೆ ಹಗ್ಗ ಕರಗಿಹೋಗುತ್ತದೆ. ಹೋರಿ ಕೋಶದ ಬೀಜಕ್ಕೆ, ಅಂದರೆ ನ್ಯೂಕ್ಲಿಯಸ್‌ಗೆ ನುಗ್ಗುತ್ತದೆ. ಅಲ್ಲಿ ಬೆಂಕಿ ಹಚ್ಚುವ ಜೀನ್‌ಗಳನ್ನೆಲ್ಲ ಎಬ್ಬಿಸುತ್ತದೆ. ಅವುಗಳಲ್ಲಿ ಎರಡು ಮುಖ್ಯ. ಒಂದು ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವ. ಇನ್ನೊಂದು ಕಾಕ್ಸ್-2, ನೋವು ಜ್ವರ ತರುವ ಪ್ರೊಸ್ಟಗ್ಲಾಂಡಿನ್‌ಗಳ ದಾರಿಯಲ್ಲಿರುವ ಕಿಣ್ವ.

2004ರಲ್ಲಿ ತೈವಾನ್ ಮತ್ತು ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸೇರಿ ಗಾರ್ಸಿನಾಲ್ ಬಗ್ಗೆ ಈ ಪ್ರಶ್ನೆ ಕೇಳಿದರು. ಇಲಿಯ ಭಕ್ಷಕ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿದರು. ಬ್ಯಾಕ್ಟೀರಿಯಾದ ಹೊರಗೋಡೆಯ ಚೂರು ಹಾಕಿ ಅವುಗಳನ್ನು ರೊಚ್ಚಿಗೆಬ್ಬಿಸಿದರು. ಗಾರ್ಸಿನಾಲ್ ಹಾಕಿದ ತಟ್ಟೆಗಳಲ್ಲಿ ನೈಟ್ರಿಕ್ ಆಕ್ಸೈಡ್ ಕಿಣ್ವವೂ ಕಾಕ್ಸ್-2 ಕೂಡ ಇಳಿದವು. ಯಾಕೆ ಎಂದು ಒಳಗೆ ನೋಡಿದರೆ ಹಗ್ಗ ಕರಗುವುದು ನಿಂತಿತ್ತು. ಹೋರಿ ಗೂಟದಲ್ಲೇ ಇತ್ತು.

ಇಂಥ ಪ್ರಯೋಗದಲ್ಲಿ ಒಂದು ಮೋಸದ ದಾರಿ ಇದೆ. ಕೊಟ್ಟ ವಸ್ತು ಕೋಶವನ್ನೇ ಕೊಂದರೂ ನೈಟ್ರಿಕ್ ಆಕ್ಸೈಡ್ ಇಳಿಯುತ್ತದೆ. ಸತ್ತ ಕೋಶ ಬೆಂಕಿ ಹಚ್ಚುವುದಿಲ್ಲ, ಅಷ್ಟೇ. ಹಾಗಾಗಿ ಕೋಶ ಬದುಕಿದೆಯೇ ಎಂದು ಬೇರೆಯಾಗಿ ನೋಡಲೇಬೇಕು. ಗಾರ್ಸಿನಾಲ್ ವಿಷಯದಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ ಪ್ರಮಾಣ ಏರಿಸಿದರೆ ಅದು ಕ್ಯಾನ್ಸರ್ ಕೋಶಗಳನ್ನು ಸಾಯಿಸುತ್ತದೆ ಎಂಬುದು ಆ ಹೊತ್ತಿಗೇ ಗೊತ್ತಿತ್ತು. ಯಾವುದಾದರೂ ಹಣ್ಣಿನ ರಸ ಉರಿಯೂತ ಇಳಿಸಿತು ಎಂದು ಓದಿದಾಗ ನಾನು ಮೊದಲು ಹುಡುಕುವುದು ಇದನ್ನೇ. ಕೋಶ ಬದುಕಿತ್ತೋ ಇಲ್ಲವೋ?

ಅದೇ ವರ್ಷ, ಬೆಂಗಳೂರಿನ ಜಕ್ಕೂರಿನಲ್ಲಿ

2004ರಲ್ಲೇ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಿಂದ ತಪಸ್ ಕುಂಡು ಅವರ ತಂಡ ಬೇರೆಯದೇ ಒಂದು ಉತ್ತರ ಕೊಟ್ಟಿತು. ಅವರು ಉರಿಯೂತದ ಬೆನ್ನು ಹತ್ತಿ ಹೋಗಿರಲಿಲ್ಲ. ಜೀನ್‌ಗಳ ಬೀಗ ತೆಗೆಯುವ ಕಿಣ್ವಗಳನ್ನು ತಡೆಯುವ ಸಣ್ಣ ಅಣು ಬೇಕಿತ್ತು ಅವರಿಗೆ.

ನಮ್ಮ ಡಿಎನ್‌ಎ ಉದ್ದನೆಯ ನೂಲು. ಅದು ಹಿಸ್ಟೋನ್ ಎಂಬ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಸುತ್ತು ಬಿಗಿ ಇದ್ದರೆ ಆ ಜಾಗದ ಜೀನ್ ಓದಲು ಆಗುವುದಿಲ್ಲ. ಪಿ300 ಎಂಬ ಕಿಣ್ವ ಹಿಸ್ಟೋನ್‌ಗೆ ಅಸಿಟೈಲ್ ತುಣುಕು ಅಂಟಿಸಿ ಸುತ್ತನ್ನು ಸಡಿಲ ಮಾಡುತ್ತದೆ. ಪಿಸಿಎಎಫ್ ಎಂಬ ಇನ್ನೊಂದು ಕಿಣ್ವದ ಕೆಲಸವೂ ಹೀಗೇ. ಗಾರ್ಸಿನಾಲ್ ಈ ಎರಡನ್ನೂ ತಡೆಯಿತು. ಅರ್ಧ ಕೆಲಸ ನಿಲ್ಲಿಸಲು ಪಿ300ಗೆ ಸುಮಾರು 7 ಮೈಕ್ರೋಮೋಲಾರ್ (ದ್ರಾವಣದಲ್ಲಿ ಅಣು ಎಷ್ಟು ಬೆರೆತಿದೆ ಎಂದು ಅಳೆಯುವ ಮಾನ), ಪಿಸಿಎಎಫ್‌ಗೆ ಸುಮಾರು 5 ಮೈಕ್ರೋಮೋಲಾರ್ ಸಾಕಾಯಿತು. ಕೋಶಗಳಲ್ಲಿ ಬಹಳಷ್ಟು ಜೀನ್‌ಗಳ ಕೆಲಸ ಇಳಿಯಿತು.

ಇದಕ್ಕೂ ಉರಿಯೂತಕ್ಕೂ ನಂಟು ಇದೆ. ಎನ್‌ಎಫ್-ಕಪ್ಪಾ-ಬಿ ನ್ಯೂಕ್ಲಿಯಸ್ ಸೇರಿದ ಮೇಲೆ ಅದಕ್ಕೆ ಪಿ300 ಸಹಾಯ ಬೇಕು. ಪಿ300 ಅದರ ಮೈಗೂ ಅಸಿಟೈಲ್ ಅಂಟಿಸುತ್ತದೆ. ತೈವಾನಿನವರು ಹಗ್ಗ ನೋಡಿದರು, ಬೆಂಗಳೂರಿನವರು ಬಾಗಿಲು ನೋಡಿದರು. ಒಂದೇ ಅಣು ಎರಡೂ ಕಡೆ ನಿಂತಿತ್ತು.

ಆದರೆ ಗಾರ್ಸಿನಾಲ್ ಹತ್ತಾರು ಕೆಲಸಗಳನ್ನು ಒಟ್ಟಿಗೆ ತಡೆಯುತ್ತಿತ್ತು, ಕೋಶಕ್ಕೆ ವಿಷವೂ ಆಗುತ್ತಿತ್ತು. ಒಂದೇ ಕಿಣ್ವವನ್ನು ಹಿಡಿಯುವ ಅಣು ಬೇಕಿದ್ದರೆ ರಚನೆಯನ್ನೇ ತಿದ್ದಬೇಕು. ಆ ತಂಡ ಹಾಗೇ ಮಾಡಿತು. ಗಾರ್ಸಿನಾಲನ್ನು ಆಮ್ಲದ ಜೊತೆ ಕಾಯಿಸಿದರೆ ಅದರ ಒಂದು ಬಾಲ ಮಡಚಿ ಹೊಸ ಉಂಗುರವಾಗುತ್ತದೆ. ಅದೇ ಐಸೋಗಾರ್ಸಿನಾಲ್, 1981ರಲ್ಲಿ ಮೈಸೂರಿನವರು ಹೆಸರಿಸಿದ ತಮ್ಮ. ಅದನ್ನು ಇನ್ನಷ್ಟು ತಿದ್ದಿ ಎಲ್‌ಟಿಕೆ-14 ಎಂಬ ಅಣು ಮಾಡಿದರು. 2007ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಮೈಸೂರು ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿಗಳೂ ಇದ್ದರು. ಎಲ್‌ಟಿಕೆ-14 ಪಿ300 ಒಂದನ್ನೇ ತಡೆಯಿತು, ವಿಷವೂ ಕಡಿಮೆಯಾಗಿತ್ತು. ಮುರುಗಲ ಸಿಪ್ಪೆಯಿಂದ ಶುರುವಾದ ದಾರಿ ಇಲ್ಲಿಗೆ ಹಣ್ಣಿನಲ್ಲಿ ಇಲ್ಲದ ಅಣುವಿನ ಹತ್ತಿರ ಬಂದಿತ್ತು. ನಿಸರ್ಗದ ಅಣುಗಳ ಕಥೆ ಬಹಳ ಸಲ ಹೀಗೇ ಸಾಗುತ್ತದೆ. ಹಣ್ಣು ಮೊದಲ ನಕ್ಷೆ ಕೊಡುತ್ತದೆ, ಮುಂದಿನದು ಕೈಕೆಲಸ.

ಜರ್ಮನಿಯ ಪ್ರಶ್ನೆ: ಯಾರನ್ನು ಹಿಡಿಯುತ್ತದೆ?

2009ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಆಂಡ್ರಿಯಾಸ್ ಕೋಬರ್ಲೆ ಮತ್ತು ಒಲಿವರ್ ವೆರ್ಟ್ಸ್ ಅವರ ತಂಡ ಕೇಳಿದ ಪ್ರಶ್ನೆ ಹೆಚ್ಚು ಖಚಿತವಾಗಿತ್ತು. ಗಾರ್ಸಿನಾಲ್ ನೇರವಾಗಿ ಯಾವ ಕಿಣ್ವದ ಕೈ ಹಿಡಿಯುತ್ತದೆ? ಇಲ್ಲಿ ಸಿಕ್ಕಿದ ಉತ್ತರ ಇಡೀ ಪ್ರಕರಣದಲ್ಲೇ ನನಗೆ ಜಾಸ್ತಿ ತೂಕದ್ದು ಅನ್ನಿಸುತ್ತದೆ.

ಕೋಶದ ಪೊರೆಯಿಂದ ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬಿನ ಆಮ್ಲ ಬಿಡುಗಡೆಯಾಗುತ್ತದೆ. ಅದಕ್ಕೆ ಎರಡು ದೊಡ್ಡ ದಾರಿಗಳಿವೆ. ಒಂದು ದಾರಿಯ ಬಾಗಿಲಲ್ಲಿ ಕಾಕ್ಸ್ ಕಿಣ್ವಗಳು. ಆಸ್ಪಿರಿನ್, ಐಬುಪ್ರೊಫೆನ್ ಹಿಡಿಯುವುದು ಇವನ್ನೇ. ಆ ದಾರಿಯಲ್ಲಿ ಮುಂದೆ ಹೋದರೆ ಎಂಪಿಜಿಇಎಸ್-1 ಎಂಬ ಕಿಣ್ವ ಇದೆ. ನೋವು, ಜ್ವರ ತರುವ ಪ್ರೊಸ್ಟಗ್ಲಾಂಡಿನ್ ಇ2 ತಯಾರಾಗುವುದು ಅಲ್ಲಿ. ಇನ್ನೊಂದು ದಾರಿಯ ಬಾಗಿಲಲ್ಲಿ 5-ಲಿಪಾಕ್ಸಿಜಿನೇಸ್. ಅದು ಲ್ಯೂಕೋಟ್ರಯೀನ್‌ಗಳನ್ನು ಮಾಡುತ್ತದೆ. ಆಸ್ತಮಾದಲ್ಲಿ ಉಸಿರಿನ ನಾಳ ಬಿಗಿಯುವುದರಲ್ಲಿ ಇವುಗಳ ಪಾತ್ರ ದೊಡ್ಡದು.

ಗಾರ್ಸಿನಾಲ್ 5-ಲಿಪಾಕ್ಸಿಜಿನೇಸನ್ನು 0.1 ಮೈಕ್ರೋಮೋಲಾರ್‌ನಲ್ಲೇ ಅರ್ಧಕ್ಕೆ ಇಳಿಸಿತು. ಎಂಪಿಜಿಇಎಸ್-1ಗೆ 0.3 ಮೈಕ್ರೋಮೋಲಾರ್. ಕಾಕ್ಸ್-1ಗೆ 12 ಬೇಕಾಯಿತು. ಅಂದರೆ ಆಸ್ಪಿರಿನ್ ಹಿಡಿಯುವ ಬಾಗಿಲನ್ನು ಇದು ಅಷ್ಟಾಗಿ ಮುಟ್ಟುವುದಿಲ್ಲ. ಅದಕ್ಕಿಂತ ಆಚೆಯ ಬಾಗಿಲನ್ನು 40 ಪಟ್ಟು, ಪಕ್ಕದ ದಾರಿಯ ಬಾಗಿಲನ್ನು 120 ಪಟ್ಟು ಕಡಿಮೆ ಪ್ರಮಾಣದಲ್ಲೇ ಹಿಡಿಯುತ್ತದೆ.

ಇದು ಯಾಕೆ ದೊಡ್ಡ ವಿಷಯ? 2004ರ ಸೆಪ್ಟೆಂಬರ್‌ನಲ್ಲಿ ರೋಫೆಕಾಕ್ಸಿಬ್ ಎಂಬ ನೋವಿನ ಮಾತ್ರೆಯನ್ನು ಜಗತ್ತಿನ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ಅದು ಕಾಕ್ಸ್-2 ಒಂದನ್ನೇ ಹಿಡಿಯಲು ಮಾಡಿದ ಔಷಧ. ಹೊಟ್ಟೆ ಉಳಿಯಿತು, ಹೃದಯಾಘಾತದ ಅಪಾಯ ಏರಿತು. ಆಮೇಲೆ ಔಷಧ ಹುಡುಕುವವರೆಲ್ಲ ಕಾಕ್ಸ್‌ನ ಆಚೆ ಏನಾದರೂ ಸಿಗುತ್ತದೆಯೇ ಎಂದು ನೋಡತೊಡಗಿದರು. ಆ ಹೊತ್ತಿನಲ್ಲಿ ಎಂಪಿಜಿಇಎಸ್-1 ಎಲ್ಲರ ಕಣ್ಣಿಗೆ ಬಿದ್ದಿತ್ತು. ನಮ್ಮ ಸಾರಿಗೆ ಹಾಕುವ ಸಿಪ್ಪೆಯ ಅಣು ಅದೇ ಬಾಗಿಲ ಮುಂದೆ ಸಿಕ್ಕಿತು.

ಲೋಟದಿಂದ ಮಂಡಿಗೆ

ಈಗ ದೊಡ್ಡಮ್ಮನ ಪ್ರಶ್ನೆ. ಇಷ್ಟೆಲ್ಲ ಇದ್ದ ಮೇಲೆ ಶರಬತ್ತು ಕುಡಿದರೆ ಮಂಡಿನೋವು ಇಳಿಯಬೇಕಲ್ಲ?

ಲೆಕ್ಕ ಹಾಕಿ ನೋಡೋಣ. ಒಣ ಸಿಪ್ಪೆಯಲ್ಲಿ ಗಾರ್ಸಿನಾಲ್ ಶೇ 2ರಿಂದ 3ರಷ್ಟು ಇರುತ್ತದೆ. ಇಷ್ಟು ಜಾಸ್ತಿ ಇರುವುದೇ ಅಪರೂಪ, ಮುರುಗಲು ಸಂಶೋಧಕರಿಗೆ ಪ್ರಿಯವಾಗಲು ಅದೂ ಒಂದು ಕಾರಣ. 10 ಗ್ರಾಂ ಸಿಪ್ಪೆ ತೆಗೆದುಕೊಂಡರೆ ಕಡಿಮೆ ಎಂದರೂ 200 ಮಿಲಿಗ್ರಾಂ. ಇತ್ತ 1 ಮೈಕ್ರೋಮೋಲಾರ್ ಎಂದರೆ ಲೀಟರಿಗೆ ಸುಮಾರು 0.6 ಮಿಲಿಗ್ರಾಂ ಗಾರ್ಸಿನಾಲ್. ಜರ್ಮನಿಯವರು ಕಂಡ 0.1 ಎಂದರೆ ಲೀಟರಿಗೆ 0.06 ಮಿಲಿಗ್ರಾಂ. ಕಾಗದದ ಮೇಲೆ ಬೇಕಾದಷ್ಟಾಯಿತು.

ಆದರೆ ಸಿಪ್ಪೆಯಿಂದ ಮಂಡಿಯವರೆಗೆ ದಾರಿ ಉದ್ದ ಇದೆ. ಮೊದಲ ತಡೆ ಲೋಟದಲ್ಲೇ. ಗಾರ್ಸಿನಾಲ್ ಜಿಡ್ಡಿನ ಜಾತಿಯದು ಎಂದೆನಲ್ಲ. ನೀರಿನಲ್ಲಿ ನೆನೆಸಿ ಹಿಂಡಿದಾಗ ಕೆಂಪು ಬರುತ್ತದೆ, ಹುಳಿ ಬರುತ್ತದೆ, ಹಳದಿಯ ಬಹುಪಾಲು ಸಿಪ್ಪೆಯಲ್ಲೇ ಕೂರುತ್ತದೆ. ನಾವು ‘ಮುರುಗಲಿನ ಗುಣ’ ಎಂದು ಕುಡಿಯುವುದೇ ಬೇರೆ, ಪ್ರಯೋಗಾಲಯದಲ್ಲಿ ಅಳೆದದ್ದೇ ಬೇರೆ. ತೆಂಗಿನ ಹಾಲು ಸೇರಿಸಿ ಮಾಡುವ ಸೋಲ್ ಕಡಿಯಲ್ಲಿ ಜಿಡ್ಡು ಇರುವುದರಿಂದ ಸ್ವಲ್ಪ ಹೆಚ್ಚು ಇಳಿಯಬಹುದು ಎಂಬ ಆಸೆ ನನಗಿದೆ. ಇದು ನನ್ನ ಊಹೆ ಮಾತ್ರ.

ಕರುಳು ದಾಟುವುದು ಎರಡನೆಯ ತಡೆ. ಕ್ಯಾಟೆಕಾಲ್ ಇರುವ ಅಣು ಬಂದರೆ ಕರುಳಿನ ಗೋಡೆಯೂ ಯಕೃತ್ತೂ ಸುಮ್ನೆ ಬಿಡುವುದಿಲ್ಲ. ಅದಕ್ಕೆ ಸಲ್ಫೇಟ್, ಗ್ಲೂಕುರೋನೈಡ್, ಮೀಥೈಲ್ ತುಣುಕು ಅಂಟಿಸಿ ಹೊರಗೆ ಕಳಿಸುವ ತಯಾರಿ ಮಾಡುತ್ತವೆ. ಉಳಿದು ರಕ್ತಕ್ಕೆ ಬಂದದ್ದು ಅಲ್ಬುಮಿನ್‌ನಂಥ ಪ್ರೋಟೀನ್‌ಗೆ ಅಂಟಿಕೊಳ್ಳುತ್ತದೆ. ಜಿಡ್ಡಿನ ಅಣುಗಳ ಸ್ವಭಾವ ಅದು. ಅಂಟಿಕೊಂಡಿರುವ ಅಣು ಕಿಣ್ವದ ಕೈ ಹಿಡಿಯಲಾರದು. ತಟ್ಟೆಯಲ್ಲಿ 0.1 ಸಾಕಾದದ್ದು ರಕ್ತದಲ್ಲಿ ಎಷ್ಟು ಬೇಕಾಗುತ್ತದೋ, ಆ ಲೆಕ್ಕವೇ ಬೇರೆ.

ಇನ್ನೊಂದು ಅನುಮಾನ ಅಣುವಿನ ಮೇಲೆಯೇ. 2010ರಲ್ಲಿ ಆಸ್ಟ್ರೇಲಿಯಾದ ಜೊನಾಥನ್ ಬೇಲ್ ಮತ್ತು ಜಾರ್ಜಿನಾ ಹಾಲೋವೇ ಒಂದು ಪಟ್ಟಿ ಮಾಡಿದರು. ಯಾವ ಪರೀಕ್ಷೆಗೆ ಹಾಕಿದರೂ ‘ಕೆಲಸ ಮಾಡಿತು’ ಎಂದು ತೋರಿಸಿ ದಾರಿ ತಪ್ಪಿಸುವ ರಚನೆಗಳ ಪಟ್ಟಿ ಅದು. ಕ್ಯಾಟೆಕಾಲ್ ಅದರಲ್ಲಿದೆ. ಬಾಳೆದಿಂಡು ಹೆಚ್ಚಿಟ್ಟರೆ ಕಪ್ಪಾಗುತ್ತದಲ್ಲ, ಅಂಥದೇ ಚಟುವಟಿಕೆ ಇದು. ಗಾಳಿ ತಾಗಿದರೆ ಬದಲಾಗುತ್ತದೆ, ಸಿಕ್ಕ ಪ್ರೋಟೀನ್‌ಗೆ ಅಂಟಿಕೊಳ್ಳುತ್ತದೆ, ಅಳೆಯುವ ಬಣ್ಣವನ್ನೇ ಕೆಡಿಸಬಹುದು. ಗಾರ್ಸಿನಾಲ್ ಹೋದಲ್ಲೆಲ್ಲ ಗೆದ್ದಿದೆ. ಪಿ300, ಪಿಸಿಎಎಫ್, 5-ಲಿಪಾಕ್ಸಿಜಿನೇಸ್, ಎಂಪಿಜಿಇಎಸ್-1, ಎನ್‌ಎಫ್-ಕಪ್ಪಾ-ಬಿ. ಅಷ್ಟೊಂದು ಗೆಲುವು ಕಂಡಾಗಲೇ ನನಗೆ ಅಳುಕು. ಅರಿಸಿನದ ಕರ್ಕ್ಯುಮಿನ್ ಕೂಡ ಹೀಗೇ ಎಲ್ಲ ಕಡೆ ಗೆದ್ದಿತ್ತು. ನೂರಕ್ಕೂ ಜಾಸ್ತಿ ಮಾನವ ಪ್ರಯೋಗಗಳ ನಂತರವೂ ಅದರಿಂದ ಔಷಧ ಬರಲಿಲ್ಲ ಎಂದು 2017ರಲ್ಲಿ ಅಮೆರಿಕದ ಔಷಧ ರಸಾಯನ ವಿಜ್ಞಾನಿಗಳು ದೀರ್ಘವಾಗಿ ಬರೆದರು. ಗಾರ್ಸಿನಾಲ್‌ಗೂ ಅದೇ ಗತಿ ಎಂದು ನಾನು ತೀರ್ಪು ಕೊಡುವುದಿಲ್ಲ. ಜರ್ಮನಿಯವರು ಕಂಡ ಪ್ರಮಾಣ ಬಹಳ ಸಣ್ಣದು, ಕಿಣ್ವಗಳ ನಡುವೆ ವ್ಯತ್ಯಾಸವನ್ನೂ ತೋರಿಸಿದೆ. ಸಿಕ್ಕಸಿಕ್ಕಲ್ಲಿ ಅಂಟುವ ಅಣು ಕಾಕ್ಸ್-1ಗೂ ಅಷ್ಟೇ ಸಲೀಸಾಗಿ ಅಂಟಬೇಕಿತ್ತು. ಅದಕ್ಕೇ ಆ ಕೆಲಸಕ್ಕೆ ಜಾಸ್ತಿ ತೂಕ ಎಂದು ಹೇಳಿದ್ದು.

ಪಕ್ಕದ ಮರದಿಂದ ಒಂದು ಪಾಠ

ಅವಸರ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ಉಪ್ಪಾಗೆಯೇ ಸಾಕ್ಷಿ. ಮೈಸೂರಿನವರು ಗುರುತಿಸಿದ ಆ ಹುಳಿ ಮುಂದೆ ತೂಕ ಇಳಿಸುವ ಮಾತ್ರೆಯಾಗಿ ಜಗತ್ತೆಲ್ಲ ಮಾರಾಟವಾಯಿತು. ಕಿಣ್ವದ ಮಟ್ಟದಲ್ಲಿ ಕಾರಣ ಚೆನ್ನಾಗಿಯೇ ಇತ್ತು. ಸಕ್ಕರೆಯನ್ನು ಕೊಬ್ಬಾಗಿಸುವ ದಾರಿಯ ಒಂದು ಕಿಣ್ವವನ್ನು ಅದು ತಡೆಯುತ್ತದೆ. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಸರಿಯಾದ ಪ್ರಯೋಗ ನಡೆಯಿತು. ದಿನಕ್ಕೆ 1,500 ಮಿಲಿಗ್ರಾಂ ಕೊಟ್ಟರೂ ಸುಳ್ಳು ಮಾತ್ರೆ ತಿಂದವರಿಗಿಂತ ಗಮನಾರ್ಹವಾಗಿ ಜಾಸ್ತಿ ತೂಕ ಇಳಿಯಲಿಲ್ಲ. ಮಾರಾಟ ನಿಲ್ಲಲಿಲ್ಲ. ಗಾರ್ಸೀನಿಯಾ ಇರುವ ಮಾತ್ರೆ ತಿಂದು ಯಕೃತ್ತು ಕೆಟ್ಟ ಪ್ರಕರಣಗಳು ಆಮೇಲೆ ವೈದ್ಯಕೀಯ ವರದಿಗಳಲ್ಲಿ ಬಂದವು.

ಇತ್ತ ನಮ್ಮ ಕಾಡಿನಲ್ಲಿ ಬೆಲೆ ಏರಿದ ದಿನಗಳಲ್ಲಿ ಹಣ್ಣಾಗುವ ಮೊದಲೇ ಕಾಯಿ ಕೊಯ್ಯುವ ಪೈಪೋಟಿ ಶುರುವಾಯಿತು. ಮಳೆಗಾಲದಲ್ಲಿ ಬರುವ ಬೆಳೆ ಅದು, ಬಿಸಿಲಿಗೆ ಒಣಗುವುದಿಲ್ಲ. ಒಣಗಿಸಲು ಸೌದೆ ಬೇಕು, ಸೌದೆಗೆ ಕಾಡು ಬೇಕು. ಮುರುಗಲಿಗೆ ಅಂಥ ದಿನ ಬರುವುದು ಬೇಡ ಎಂದು ನಾನು ಮನಸಾರೆ ಬಯಸುತ್ತೇನೆ. ಮುರುಗಲ ಮರಕ್ಕೆ ಗಂಡು ಹೆಣ್ಣು ಬೇರೆ ಬೇರೆ. ಬೀಜದಿಂದ ಬೆಳೆಸಿದರೆ ಅರ್ಧದಷ್ಟು ಗಂಡೇ ಆಗಬಹುದು, ಅದು ತಿಳಿಯಲು ಏಳೆಂಟು ವರ್ಷ ಕಾಯಬೇಕು. ಕಸಿ ಗಿಡ ಇಲ್ಲದಿದ್ದರೆ ಬೇಡಿಕೆಯ ವೇಗಕ್ಕೆ ಮರ ಓಡಲಾರದು.

ದೊಡ್ಡಮ್ಮನಿಗೆ ನಾನು ಹೇಳಿದ್ದು ಇಷ್ಟು. ಶರಬತ್ತು ಕುಡಿಯಿರಿ, ಬೇಸಿಗೆಗೆ ಅದಕ್ಕಿಂತ ಒಳ್ಳೆಯದು ಯಾವುದಿದೆ. ಮಂಡಿನೋವಿನ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಬಿಡಬೇಡಿ. ‘ಗಾರ್ಸಿನಾಲ್ ಇದೆ’ ಎಂದು ಬರೆದ ಡಬ್ಬಿ ಯಾರಾದರೂ ತಂದರೆ ನನಗೆ ತೋರಿಸಿ. ಗಾರ್ಸಿನಾಲ್ ಇನ್ನೂ ಯಾವ ಕಾಯಿಲೆಗೂ ಒಪ್ಪಿಗೆ ಪಡೆದ ಔಷಧ ಅಲ್ಲ.

ಅವರು ತಲೆಯಾಡಿಸಿದರು. ಹಿಂಡಿದ ಸಿಪ್ಪೆಯ ಜಿಗಟನ್ನು ಎತ್ತಿಕೊಂಡು ಗೊಬ್ಬರಗುಂಡಿಯ ಕಡೆ ಹೊರಟರು. ಕೆಂಪೆಲ್ಲ ನೀರಿಗೆ ಹೋಗಿತ್ತು. ಪಾತ್ರೆಯ ತಳದಲ್ಲಿ ಉಳಿದ ಸಿಪ್ಪೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಐದು ದೇಶದವರು ಅಳೆದ ಅಣುವಿನ ಬಹುಪಾಲು ಇನ್ನೂ ಅದರೊಳಗೇ ಇತ್ತು. “ಒಂದು ನಿಮಿಷ ದೊಡ್ಡಮ್ಮ” ಎಂದು ಒಂದು ಹಿಡಿ ತೆಗೆದಿಟ್ಟುಕೊಂಡೆ. ಒಣಗಿಸಿ ತೂಕ ಮಾಡಬೇಕು. ಮಲೆನಾಡಿನ ಶರಬತ್ತು ಮಾಡುವ ಮನೆಗಳಿಂದ ವರ್ಷಕ್ಕೆ ಇಂಥದು ಎಷ್ಟು ಗುಂಡಿ ಸೇರುತ್ತದೆ ಎಂದು ಲೆಕ್ಕ ಮಾಡಲು ಎಲ್ಲಿಂದಾದರೂ ಶುರು ಮಾಡಬೇಕಲ್ಲ.